ಹಾರುವ ಮುನ್ನ ಜೆಟ್ ಎಂಜಿನ್ ಕಾಯುವುದೇಕೆ?

ವಿಮಾನವನ್ನು ಗೇಟಿನಿಂದ ಹಿಂದಕ್ಕೆ ತಳ್ಳುವ ಹೊತ್ತಿಗೆ, ತಲೆಯ ಮೇಲಿಂದ ಬರುತ್ತಿದ್ದ ಎಸಿ ಗಾಳಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಒಳಗೆಲ್ಲ ಒಂದಷ್ಟು ಹೊತ್ತು ಬಿಕೋ ಅನ್ನಿಸುತ್ತದೆ. ಆಮೇಲೆ ರೆಕ್ಕೆಯ ಕೆಳಗಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಶುರುವಾಗಿ, ಏರುತ್ತಾ ಹೋಗಿ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಡುವೆ ಲೈಟು ಒಮ್ಮೆ ಮಿಣುಕುವುದೂ ಉಂಟು. ಎಸಿ ಕೆಟ್ಟಿತು ಅಂತ ಜನ ಗೊಣಗುವುದು ಇದೇ ಹೊತ್ತಿನಲ್ಲಿ. ಕೆಟ್ಟಿರುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಲು ಆ ಗಾಳಿಯೇ ಬೇಕು, ಅದಕ್ಕೆ ಅತ್ತ ತಿರುಗಿಸಿರುತ್ತಾರೆ. ಲೈಟು ಮಿಣುಕುವುದು ಕರೆಂಟಿನ ಮೂಲ ಬದಲಾದಾಗ.

ಎಂಜಿನ್ ಸ್ಟಾರ್ಟ್ ಆಯಿತು ಅಂದ ಮಾತ್ರಕ್ಕೆ ಹಾರುವ ಹಾಗಿಲ್ಲ. ಎಂಜಿನ್ ಯಾವುದು, ಎಷ್ಟು ಹೊತ್ತಿನಿಂದ ನಿಂತಿತ್ತು ಎಂಬುದರ ಮೇಲೆ ಎರಡು, ಮೂರು ಅಥವಾ ಐದು ನಿಮಿಷ ಐಡಲ್‌ನಲ್ಲೇ ಓಡಬೇಕು. ಐಡಲ್ ಅಂದರೆ ಎಂಜಿನ್ ಓಡುತ್ತಿರುವ ಕನಿಷ್ಠ ವೇಗ. ಇದನ್ನು ಕೇಳಿದವರು ಸಾಮಾನ್ಯವಾಗಿ 'ಓಹೋ, ಕಾರಿನ ಥರ ಆಯಿಲ್ ಬಿಸಿಯಾಗಬೇಕು' ಅಂದುಕೊಳ್ಳುತ್ತಾರೆ. ಆಯಿಲ್ ಪಾತ್ರ ಇಲ್ಲವೆಂದಲ್ಲ, ಆದರೆ ಅದು ಪಕ್ಕದ ಪಾತ್ರ. ಇಲ್ಲಿ ನಿಜವಾಗಿ ಬಿಸಿಯಾಗಬೇಕಿರುವುದು ಲೋಹ. ಎಂಜಿನ್ನಿನ ಒಂದೊಂದು ಭಾಗ ಒಂದೊಂದು ವೇಗದಲ್ಲಿ ಕಾಯುತ್ತದೆ, ಒಂದೊಂದು ವೇಗದಲ್ಲಿ ತಣಿಯುತ್ತದೆ. ತಿರುಗುವ ಬ್ಲೇಡಿನ ತುದಿಗೂ ಅದರ ಸುತ್ತಲಿನ ಕವಚಕ್ಕೂ ನಡುವೆ ಇರುವ ಸಂದಿ ಅರ್ಧ ಮಿಲಿಮೀಟರ್ ಆಸುಪಾಸು. ಸ್ಟಾರ್ಟ್ ಮಾಡುವಾಗ, ಹಾರುವ ಮುಂಚೆ, ಇಳಿದ ಮೇಲೆ ಹಾಕುವ ನಿಮಿಷಗಳ ಲೆಕ್ಕವೆಲ್ಲ ಬಹುಪಾಲು ಈ ಸಂದಿಯನ್ನು ಕಾಪಾಡುವ ಲೆಕ್ಕ.

ಮೊದಲು ಯಾರಾದರೂ ತಿರುಗಿಸಬೇಕು

ಜೆಟ್ ಎಂಜಿನ್ ತಾನಾಗಿ ಶುರುವಾಗುವ ಯಂತ್ರ ಅಲ್ಲ. ಇಂಧನ ಸರಿಯಾಗಿ ಉರಿಯಬೇಕಾದರೆ ಒತ್ತಿದ ಗಾಳಿ ಬೇಕು. ಗಾಳಿಯನ್ನು ಒತ್ತುವುದು ಕಂಪ್ರೆಸರ್. ಕಂಪ್ರೆಸರನ್ನು ತಿರುಗಿಸುವುದು ಟರ್ಬೈನ್. ಟರ್ಬೈನ್ ತಿರುಗಬೇಕಾದರೆ ಉರಿದ ಬಿಸಿ ಅನಿಲ ಬೇಕು. ಸುತ್ತಿ ಸುತ್ತಿ ಅಲ್ಲೇ ಬಂತು ಅಲ್ವಾ? ಈ ಸುತ್ತನ್ನು ಹೊರಗಿನಿಂದ ಯಾರಾದರೂ ಒಮ್ಮೆ ತಳ್ಳಿ ಶುರು ಮಾಡಿಕೊಡಬೇಕು.

ಹೆಚ್ಚಿನ ವಿಮಾನಗಳಲ್ಲಿ ಆ ಕೆಲಸ ಮಾಡುವುದು ಬಾಲದ ತುದಿಯಲ್ಲಿ ಕೂತಿರುವ ಎಪಿಯು. ಅದೇ ಒಂದು ಪುಟ್ಟ ಜೆಟ್ ಎಂಜಿನ್. ತಳ್ಳುಬಲ ಕೊಡುವುದು ಅದರ ಕೆಲಸವಲ್ಲ, ಗಾಳಿ ಮತ್ತು ಕರೆಂಟು ಕೊಡುವುದು ಕೆಲಸ. ಬ್ಯಾಟರಿಯಿಂದಲೇ ಅದನ್ನು ಸ್ಟಾರ್ಟ್ ಮಾಡಬಹುದು. ಅದರಿಂದ ಬರುವ ಒತ್ತಡದ ಗಾಳಿ ಕೊಳವೆಗಳ ಮೂಲಕ ರೆಕ್ಕೆಯ ಕೆಳಗಿನ ಎಂಜಿನ್ನಿಗೆ ಹೋಗಿ, ಅಲ್ಲಿರುವ ಸ್ಟಾರ್ಟರ್ ಎಂಬ ಸಣ್ಣ ಟರ್ಬೈನನ್ನು ಗಿರ್ರನೆ ತಿರುಗಿಸುತ್ತದೆ. ಸ್ಟಾರ್ಟರ್ ಒಂದು ಗೇರ್‌ಬಾಕ್ಸ್ ಮೂಲಕ ಎಂಜಿನ್ನಿನ ಒಳಗಿನ ಶಾಫ್ಟನ್ನು ತಿರುಗಿಸುತ್ತದೆ. ಎಪಿಯು ಕೆಟ್ಟಿದ್ದರೆ ನೆಲದ ಮೇಲಿನ ಗಾಳಿ ಗಾಡಿ ಬರುತ್ತದೆ. ಅದರಿಂದ ಒಂದು ಎಂಜಿನ್ ಶುರುವಾದರೆ ಸಾಕು, ಅದರ ಗಾಳಿಯಿಂದಲೇ ಇನ್ನೊಂದನ್ನು ಶುರು ಮಾಡಬಹುದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮುಂದೆ ಕಾಣುವ ದೊಡ್ಡ ಫ್ಯಾನನ್ನು ಸ್ಟಾರ್ಟರ್ ತಿರುಗಿಸುವುದಿಲ್ಲ. ಇಂಥ ಎಂಜಿನ್‌ಗಳಲ್ಲಿ ಒಂದರೊಳಗೊಂದು ಇರುವ ಎರಡು ಶಾಫ್ಟ್‌ಗಳಿರುತ್ತವೆ. ಒಂದರ ಮುಂದಿನ ತುದಿಯಲ್ಲಿ ಫ್ಯಾನ್, ಅದರ ವೇಗಕ್ಕೆ ಎನ್1 ಎನ್ನುತ್ತಾರೆ. ಇನ್ನೊಂದು ಎಂಜಿನ್ನಿನ ತಿರುಳಿನಲ್ಲಿ ಹೆಚ್ಚು ಒತ್ತಡದ ಕಂಪ್ರೆಸರ್ ಮತ್ತು ಟರ್ಬೈನನ್ನು ಹೊತ್ತಿರುತ್ತದೆ, ಅದರ ವೇಗ ಎನ್2. ರೋಲ್ಸ್ ರಾಯ್ಸ್‌ನ ಟ್ರೆಂಟ್ ಎಂಜಿನ್‌ಗಳಲ್ಲಿ ಮೂರು ಶಾಫ್ಟ್. ಎರಡು ಶಾಫ್ಟಿನ ಎಂಜಿನ್‌ನಲ್ಲಿ ಸ್ಟಾರ್ಟರ್ ತಿರುಗಿಸುವುದು ಎನ್2 ಶಾಫ್ಟನ್ನು ಮಾತ್ರ. ಅದು ಎಳೆದುಕೊಂಡ ಗಾಳಿ ಹಿಂದಿನ ಟರ್ಬೈನ್ ಮೇಲೆ ಹಾಯ್ದಾಗ ಫ್ಯಾನ್ ತಾನಾಗಿ ನಿಧಾನಕ್ಕೆ ತಿರುಗತೊಡಗುತ್ತದೆ. ಸ್ಟಾರ್ಟ್ ಮಾಡುವಾಗ ಪೈಲಟ್‌ಗಳು ಎನ್1 ಏರುತ್ತಿದೆಯಾ ಅಂತ ಕಣ್ಣಿಟ್ಟು ನೋಡುವುದು ಇದಕ್ಕೇ. ಏರಲಿಲ್ಲ ಅಂದರೆ ಫ್ಯಾನ್ ಎಲ್ಲೋ ಸಿಕ್ಕಿಕೊಂಡಿರಬಹುದು.

ಸಿಎಫ್‌ಎಂ56 ಎಂಜಿನ್ ಇರುವ ಏರ್‌ಬಸ್ ಎ320ಯನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಮೊದಲು ಶುರು ಮಾಡುವುದು ಬಲಗಡೆಯ 2ನೇ ಎಂಜಿನ್. ಪಾರ್ಕಿಂಗ್ ಬ್ರೇಕ್ ನಂಬಿಕೊಂಡಿರುವ ಹೈಡ್ರಾಲಿಕ್ ವ್ಯವಸ್ಥೆಗೆ ಒತ್ತಡ ಕೊಡುವ ಪಂಪ್ ಆ ಎಂಜಿನ್ನಿನ ಮೇಲಿದೆ. ಪೈಲಟ್ ಒಂದು ಗುಂಡಿಯನ್ನು ಸ್ಟಾರ್ಟ್ ಕಡೆ ತಿರುಗಿಸಿ, ಮಾಸ್ಟರ್ ಸ್ವಿಚ್ಚನ್ನು ಮೇಲೆತ್ತಿದರೆ ಮುಗಿಯಿತು. ಉಳಿದದ್ದನ್ನೆಲ್ಲ ನೋಡಿಕೊಳ್ಳುವುದು ಫೆಡೆಕ್ ಎಂಬ ಎಂಜಿನ್ನಿನ ಕಂಪ್ಯೂಟರ್. ಗಾಳಿಯ ವಾಲ್ವ್ ತೆರೆಯುತ್ತದೆ, ಎನ್2 ಏರತೊಡಗುತ್ತದೆ. ಶೇಕಡ 16ಕ್ಕೆ ಬಂದಾಗ ಇಗ್ನೈಟರ್ ಕಿಡಿ ಹಾರಿಸಲು ಶುರು ಮಾಡುತ್ತದೆ. ಶೇಕಡ 22ಕ್ಕೆ ಇಂಧನ ಬಿಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಹೊತ್ತಿಕೊಂಡು ಇಜಿಟಿ, ಅಂದರೆ ಹೊರಹೋಗುವ ಅನಿಲದ ಉಷ್ಣಾಂಶ, ಸರ್ರನೆ ಏರುತ್ತದೆ. ಶೇಕಡ 50 ದಾಟಿದ ಮೇಲೆ ಸ್ಟಾರ್ಟರ್ ಕಳಚಿಕೊಳ್ಳುತ್ತದೆ, ಕಿಡಿ ನಿಲ್ಲುತ್ತದೆ. ಇನ್ನು ಎಂಜಿನ್ ತನ್ನ ಕಾಲ ಮೇಲೆ ತಾನು. ಕೊನೆಗೆ ಎನ್1 ಸುಮಾರು ಶೇಕಡ 20, ಎನ್2 ಸುಮಾರು ಶೇಕಡ 58, ಇಜಿಟಿ 400 ಡಿಗ್ರಿ ಸೆಲ್ಸಿಯಸ್ ಹತ್ತಿರ, ಇಂಧನ ಗಂಟೆಗೆ 300 ಕಿಲೋಗೆ ಸ್ವಲ್ಪ ಕಮ್ಮಿ, ಈ ಲೆಕ್ಕದಲ್ಲಿ ನೆಲೆ ನಿಲ್ಲುತ್ತದೆ. ಶೇಕಡ 100 ಎನ್2 ಅಂದರೆ ಈ ಎಂಜಿನ್ನಿಗೆ ನಿಮಿಷಕ್ಕೆ 14,460 ಸುತ್ತು. ಹಾಗಾಗಿ ಸುಮ್ನೆ ನಿಂತಿದೆ ಅನ್ನಿಸುವ ಐಡಲ್‌ನಲ್ಲೂ ಒಳಗಿನ ಶಾಫ್ಟ್ ನಿಮಿಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಸುತ್ತು ಹೊಡೆಯುತ್ತಿರುತ್ತದೆ. ಇಷ್ಟೆಲ್ಲ ಆಗಲು ಹೆಚ್ಚು ಕಡಿಮೆ ಒಂದು ನಿಮಿಷ.

ಇಂಧನ ಬಿಡಲು ಶೇಕಡ 22ರವರೆಗೆ ಯಾಕೆ ಕಾಯಬೇಕು? ಜೆಟ್ ಎಂಜಿನ್‌ನಲ್ಲಿ ಗಾಳಿ ಬರೀ ಉರಿಸುವುದಕ್ಕಲ್ಲ, ತಣ್ಣಗಿಡುವುದಕ್ಕೂ ಅದೇ ಬೇಕು. ಗಾಳಿ ಸಾಲದಿರುವಾಗ ಇಂಧನ ಸುರಿದರೆ ಬೆಂಕಿ ಟರ್ಬೈನ್‌ವರೆಗೂ ಚಾಚಿಕೊಂಡು ಬ್ಲೇಡುಗಳನ್ನು ಸುಟ್ಟುಹಾಕುತ್ತದೆ. ಇದಕ್ಕೆ ಹಾಟ್ ಸ್ಟಾರ್ಟ್ ಎನ್ನುತ್ತಾರೆ. ಈ ಎಂಜಿನ್‌ನಲ್ಲಿ ಟೇಕಾಫ್ ಹೊತ್ತಿಗೆ ಇಜಿಟಿ 950 ಡಿಗ್ರಿವರೆಗೆ ಹೋಗಬಹುದು, ನೆಲದ ಮೇಲೆ ಸ್ಟಾರ್ಟ್ ಮಾಡುವಾಗ ಮಾತ್ರ 725 ದಾಟಬಾರದು. ವೇಗ ಕಡಿಮೆ, ತಣಿಸುವ ಗಾಳಿಯೂ ಕಡಿಮೆ, ಅದಕ್ಕೇ ಮಿತಿಯೂ ಕಡಿಮೆ. ಬೆಂಕಿ ಹೊತ್ತಿಕೊಂಡೂ ವೇಗ ಏರದೆ ಅರ್ಧದಲ್ಲೇ ನಿಂತುಬಿಡುವುದೂ ಉಂಟು, ಬೆಂಕಿ ಹೊತ್ತದೇ ಇರುವುದೂ ಉಂಟು. ಹೊತ್ತದಿದ್ದರೆ ಒಳಗೆ ಇಂಧನ, ಅಂದರೆ ಒಂದು ಬಗೆಯ ಸೀಮೆಎಣ್ಣೆ, ಸುರಿದು ಒದ್ದೆಯಾಗಿರುತ್ತದೆ. ಇಂಧನ ಬಂದ್ ಮಾಡಿ, ಅರ್ಧ ನಿಮಿಷ ಬರೀ ಗಾಳಿಯಲ್ಲಿ ತಿರುಗಿಸಿ, ಅದನ್ನೆಲ್ಲ ಹೊರಹಾಕಿ, ಮತ್ತೆ ಪ್ರಯತ್ನಿಸಬೇಕು. ನೆಲದ ಮೇಲೆ ಇದನ್ನೆಲ್ಲ ಫೆಡೆಕ್ಕೇ ಗಮನಿಸಿ, ತಾನೇ ಸ್ಟಾರ್ಟನ್ನು ನಿಲ್ಲಿಸಬಲ್ಲದು.

ಬೋಯಿಂಗ್ 787 ಈ ಗಾಳಿಯ ಉಸಾಬರಿಯನ್ನೇ ಬಿಟ್ಟಿದೆ. ಅದರ ಪ್ರತಿ ಎಂಜಿನ್‌ಗೆ 250 ಕೆವಿಎಯ ಎರಡು ಜನರೇಟರ್‌ಗಳಿವೆ. ಸ್ಟಾರ್ಟ್ ಮಾಡುವಾಗ ಅವೇ ಮೋಟರ್‌ಗಳಾಗಿ ಎಂಜಿನ್ನನ್ನು ತಿರುಗಿಸುತ್ತವೆ, ಎಂಜಿನ್ ಶುರುವಾದ ಮೇಲೆ ಮತ್ತೆ ಜನರೇಟರ್ ಆಗುತ್ತವೆ. ಹಿಂದಕ್ಕೆ ಹೋದರೆ ಇನ್ನೂ ಸೊಗಸಾದ ವ್ಯವಸ್ಥೆ ಸಿಗುತ್ತದೆ. ಎರಡನೇ ಮಹಾಯುದ್ಧದ ಜರ್ಮನ್ ಜೆಟ್ ಎಂಜಿನ್ ಯೂಮೊ 004ರ ಮೂತಿಯೊಳಗೆ ಒಂದು ಚಿಕ್ಕ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಅಡಗಿತ್ತು. ಬೇಕಾದರೆ ಅದನ್ನು ಹಗ್ಗ ಎಳೆದೂ ಸ್ಟಾರ್ಟ್ ಮಾಡಬಹುದಿತ್ತು. ಜಗತ್ತಿನ ಮೊದಲ ಜೆಟ್ ಫೈಟರ್‌ಗಳಲ್ಲಿ ಒಂದರ ಮೂತಿಯಲ್ಲಿ ಎಳೆಯುವ ಹಗ್ಗ!

ಹೊಸ ಎಂಜಿನ್, ಜಾಸ್ತಿ ಹೊತ್ತು

ತಂತ್ರಜ್ಞಾನ ಮುಂದುವರಿದ ಹಾಗೆ ಸ್ಟಾರ್ಟ್ ಬೇಗ ಆಗಬೇಕಿತ್ತು ಅಲ್ವಾ? ಆಗಿದ್ದು ಉಲ್ಟಾ. ಹಳೆಯ ಎ320 ಮತ್ತು 737ರ ಎಂಜಿನ್‌ಗಳು ಒಂದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ, ಅವುಗಳ ಜಾಗಕ್ಕೆ ಬಂದ ಹೊಸ ಎಂಜಿನ್‌ಗಳು ಅದಕ್ಕಿಂತ ಸಾಕಷ್ಟು ಹೆಚ್ಚು ಹೊತ್ತು ತೆಗೆದುಕೊಂಡವು. ಎ320ನಿಯೋಗಾಗಿ ಪ್ರ್ಯಾಟ್ ಅಂಡ್ ವಿಟ್ನಿ ಮಾಡಿದ ಪಿಡಬ್ಲ್ಯು1100ಜಿ ಎಂಜಿನ್ ಇದಕ್ಕೆ ಕುಖ್ಯಾತ ಉದಾಹರಣೆ. ಮೊದಮೊದಲು ಒಂದು ಎಂಜಿನ್ ಶುರುವಾಗಲು ಸುಮಾರು 350 ಸೆಕೆಂಡ್ ಬೇಕಾಗುತ್ತಿತ್ತು. ಹೆಚ್ಚು ಕಡಿಮೆ ಆರು ನಿಮಿಷ. ಎರಡು ಎಂಜಿನ್‌ಗಳನ್ನು ಒಂದಾದ ಮೇಲೊಂದು ಶುರು ಮಾಡಿದರೆ ಹನ್ನೆರಡು ನಿಮಿಷದ ಹತ್ತಿರ. ಗೇಟಿನ ಹಿಂದೆ ದಾರಿಗೆ ಅಡ್ಡ ನಿಂತು ಅಷ್ಟು ಹೊತ್ತು ಕಳೆದರೆ ಹಿಂದಿನ ವಿಮಾನಗಳ ಗತಿ ಏನು? ಮೊದಲ ವಿಮಾನ ಪಡೆಯಬೇಕಿದ್ದ ಕತಾರ್ ಏರ್‌ವೇಸ್ ಮುಖ್ಯವಾಗಿ ಇದೇ ಕಾರಣಕ್ಕೆ ಬೇಡ ಅಂದಿತು. ಕೊನೆಗೆ 2016ರ ಜನವರಿಯಲ್ಲಿ ಮೊದಲ ಎ320ನಿಯೋವನ್ನು ತೆಗೆದುಕೊಂಡದ್ದು ಲುಫ್ತಾನ್ಸಾ.

ಇದರ ಹಿಂದಿನ ಕಾರಣ ಶಾಫ್ಟ್ ಬಾಗುವುದು. ಎಂಜಿನ್ ನಿಲ್ಲಿಸಿದ ಮೇಲೆ ಒಳಗಿನ ಬಿಸಿ ಎಲ್ಲ ಕಡೆ ಸಮನಾಗಿ ಇಳಿಯುವುದಿಲ್ಲ. ಬಿಸಿ ಗಾಳಿ ಮೇಲೇರಿ ಮೇಲ್ಭಾಗದಲ್ಲೇ ಕಟ್ಟಿಕೊಳ್ಳುತ್ತದೆ. ತಿರುಗದೆ ನಿಂತ ಶಾಫ್ಟಿನ ಮೇಲ್ಮೈ ಬಿಸಿ, ಕೆಳಮೈ ತಣ್ಣಗೆ. ಬಿಸಿಯಾದ ಕಡೆ ಲೋಹ ಜಾಸ್ತಿ ಹಿಗ್ಗುತ್ತದೆ, ತಣ್ಣನೆಯ ಕಡೆ ಕಮ್ಮಿ. ಪರಿಣಾಮವಾಗಿ ಶಾಫ್ಟು ಸ್ವಲ್ಪವೇ ಸ್ವಲ್ಪ ಮೇಲ್ಮುಖವಾಗಿ ಬಾಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಸಂದಿಯೇ ಅರ್ಧ ಮಿಲಿಮೀಟರ್ ಇರುವಾಗ ಅದರಲ್ಲಿ ಒಂದು ಪಾಲನ್ನು ಬಾಗುವಿಕೆ ನುಂಗಿದರೂ ಕಷ್ಟ. ಬಾಗಿದ ಶಾಫ್ಟನ್ನು ಹಾಗೇ ವೇಗವಾಗಿ ತಿರುಗಿಸಿದರೆ ಎಂಜಿನ್ ಗಡಗಡ ನಡುಗುತ್ತದೆ, ಬ್ಲೇಡುಗಳ ತುದಿ ಕವಚಕ್ಕೆ ತಿಕ್ಕುತ್ತದೆ.

ಪರಿಹಾರ ಸರಳ, ಆದರೆ ಹೊತ್ತು ತಿನ್ನುವಂಥದ್ದು. ಇಂಧನ ಬಿಡದೆ, ಕಿಡಿ ಹಾರಿಸದೆ, ಸ್ಟಾರ್ಟರ್‌ನಿಂದಲೇ ನಿಧಾನಕ್ಕೆ ತಿರುಗಿಸುತ್ತಾ ಇರುವುದು. ಒಳಗೆ ಗಾಳಿ ಹಾಯುತ್ತದೆ. ಮೇಲಿದ್ದ ಭಾಗ ಕೆಳಗೆ, ಕೆಳಗಿದ್ದದ್ದು ಮೇಲೆ ಬರುತ್ತಾ ಬಿಸಿ ಸಮನಾಗುತ್ತದೆ, ಶಾಫ್ಟ್ ನೆಟ್ಟಗಾಗುತ್ತದೆ. ಆಮೇಲೆ ಇಂಧನ. ಲೀಪ್ ಎಂಜಿನ್ ಇರುವ 737 ಮ್ಯಾಕ್ಸ್‌ನಲ್ಲೂ ಇದೇ ಕೆಲಸ ನಡೆಯುತ್ತದೆ. ಆಗ ಪೈಲಟ್ ಮುಂದಿನ ಪರದೆಯಲ್ಲಿ 'ಮೋಟರಿಂಗ್' ಎಂಬ ಸೂಚನೆ ಕಾಣುತ್ತದೆ. ಎಷ್ಟು ಹೊತ್ತು ತಿರುಗಿಸಬೇಕೆಂದು ಕಂಪ್ಯೂಟರೇ ಲೆಕ್ಕ ಹಾಕುತ್ತದೆ.

ಪ್ರ್ಯಾಟ್ ಕಂಪನಿ ಸಾಫ್ಟ್‌ವೇರ್ ಬದಲಿಸಿತು. 3 ಮತ್ತು 4ನೇ ಬೇರಿಂಗ್‌ಗಳಿಗೆ ನಡುಕ ಹೀರುವ ಡ್ಯಾಂಪರ್ ಹಾಕಿ ಶಾಫ್ಟಿಗೆ ಗಟ್ಟಿ ಆಸರೆ ಕೊಟ್ಟಿತು. 2016ರ ಮಧ್ಯಕ್ಕೆ 200 ಸೆಕೆಂಡ್, ವರ್ಷದ ಕೊನೆಗೆ 150 ಸೆಕೆಂಡಿಗೆ ಇಳಿಸುವ ಗುರಿ ಇಟ್ಟುಕೊಂಡಿತ್ತು. ಎರಡೂ ಎಂಜಿನ್‌ಗಳನ್ನು ಒಟ್ಟಿಗೇ ಹೀಗೆ ತಿರುಗಿಸಿ ತಣಿಸುವ ವ್ಯವಸ್ಥೆಯೂ ಬಂತು. ಶುರು ಮಾಡುವುದು ಒಂದಾದ ಮೇಲೊಂದಾದರೂ ತಣಿಸುವ ಹೊತ್ತು ಹಂಚಿಹೋಗುತ್ತದೆ.

ಹಳೆಯ ಎಂಜಿನ್‌ಗಳಲ್ಲಿ ಶಾಫ್ಟ್ ಬಾಗುತ್ತಿರಲಿಲ್ಲವೇ? ಬಾಗುತ್ತಿತ್ತು. ಆದರೆ ಅವುಗಳ ತಿರುಳು ದಪ್ಪಗಿತ್ತು, ಸಂದಿಯೂ ಧಾರಾಳವಾಗಿತ್ತು. ಹೊಸ ಎಂಜಿನ್‌ಗಳು ಇಂಧನ ಉಳಿಸಲೆಂದು ಗಾಳಿಯನ್ನು ಜಾಸ್ತಿ ಒತ್ತುತ್ತವೆ, ತಿರುಳನ್ನು ಸಣ್ಣಗೆ ಮಾಡಿಕೊಂಡಿವೆ, ಸಂದಿಯನ್ನು ಆದಷ್ಟು ಕಿರಿದಾಗಿಸಿವೆ. ಗೇಟಿನ ಬಳಿ ಕಳೆಯುವ ಹೆಚ್ಚುವರಿ ನಿಮಿಷ, ಆಕಾಶದಲ್ಲಿ ಉಳಿಸಿದ ಇಂಧನಕ್ಕೆ ಕೊಟ್ಟ ಬೆಲೆ. ನನ್ನ ಮಟ್ಟಿಗೆ ಇದು ನಷ್ಟದ ವ್ಯಾಪಾರವಲ್ಲ. ಆದರೆ ದಿನಕ್ಕೆ ಆರೆಂಟು ಸಲ ಹಾರುವ ವಿಮಾನದ ವೇಳಾಪಟ್ಟಿ ಹಾಕುವವರಿಗೆ ತಲೆನೋವು ನಿಜ.

ಇದರಲ್ಲೊಂದು ತಮಾಷೆಯೂ ಇದೆ. ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾದ ಎಂಜಿನ್ನಿಗೆ ಈ ತೊಂದರೆ ಇಲ್ಲ. ಮೇಲೂ ಕೆಳಗೂ ಒಂದೇ ಉಷ್ಣಾಂಶ, ಶಾಫ್ಟು ನೆಟ್ಟಗೇ ಇರುತ್ತದೆ. ಈಗಷ್ಟೇ ನಿಲ್ಲಿಸಿದ್ದಕ್ಕೂ ಬಾಗಲು ಇನ್ನೂ ಹೊತ್ತು ಸಿಕ್ಕಿರುವುದಿಲ್ಲ. ಕಾಟ ಕೊಡುವುದು ನಡುವಿನ ಅವಧಿ, ಅಂದರೆ ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ನಿಂತ ಎಂಜಿನ್. ಪ್ರಯಾಣಿಕರನ್ನು ಇಳಿಸಿ, ಹೊಸಬರನ್ನು ಹತ್ತಿಸಿ ಮತ್ತೆ ಹೊರಡಲು ವಿಮಾನಕ್ಕೆ ಬೇಕಾಗುವುದೂ ಸರಿಯಾಗಿ ಅಷ್ಟೇ ಹೊತ್ತು!

ಅರ್ಧ ಮಿಲಿಮೀಟರ್ ಲೆಕ್ಕ

ಇನ್ನು ಕಾಯಿಸುವ ಮಾತು. ಎಂಜಿನ್ ಐಡಲ್‌ನಲ್ಲಿ ಓಡುತ್ತಿದೆ, ಎಲ್ಲ ಸೂಚಿಗಳೂ ಸರಿಯಾಗಿವೆ. ಈಗಲೇ ಥ್ರಾಟಲ್, ಅಂದರೆ ಎಂಜಿನ್ನಿನ ಬಲ ಏರಿಸುವ ಹಿಡಿ, ಮುಂದೆ ತಳ್ಳಿದರೆ ಏನಾಗುತ್ತದೆ?

ಹೆಚ್ಚು ಒತ್ತಡದ ಟರ್ಬೈನನ್ನು ನೋಡಿ. ನಡುವೆ ಒಂದು ದಪ್ಪನೆಯ ಲೋಹದ ಡಿಸ್ಕ್. ಅದರ ಅಂಚಿಗೆ ಸುತ್ತಲೂ ಬೆರಳುದ್ದದ ಬ್ಲೇಡುಗಳು. ಅವುಗಳ ಹೊರಗೆ ತೆಳುವಾದ ಕವಚ. ಥ್ರಾಟಲ್ ತಳ್ಳಿದ ಕೂಡಲೇ ವೇಗ ಏರುತ್ತದೆ. ತಿರುಗುವ ಬಲಕ್ಕೆ ಡಿಸ್ಕೂ ಬ್ಲೇಡೂ ಆ ಕ್ಷಣವೇ ಹೊರಕ್ಕೆ ಎಳೆದುಕೊಳ್ಳುತ್ತವೆ. ಬ್ಲೇಡು ತೆಳು, ಅದು ಸೆಕೆಂಡುಗಳಲ್ಲೇ ಕಾದು ಉದ್ದವಾಗುತ್ತದೆ. ಕವಚ ಇನ್ನೂ ತನ್ನ ಹಳೆಯ ಅಳತೆಯಲ್ಲೇ ಇರುತ್ತದೆ. ಸಂದಿ ಅತಿ ಕಿರಿದಾಗುವ ಒಂದು ಘಟ್ಟ ಇದು. ಸ್ವಲ್ಪ ಹೊತ್ತಿಗೆ ಕವಚವೂ ಕಾಯುತ್ತದೆ, ಹಿಗ್ಗುತ್ತದೆ, ಸಂದಿ ಅಗಲವಾಗುತ್ತದೆ. ದಪ್ಪ ಡಿಸ್ಕ್ ಮಾತ್ರ ಆರಾಮಾಗಿ, ನಿಮಿಷಗಟ್ಟಲೆ ತೆಗೆದುಕೊಂಡು ಕಾಯುತ್ತದೆ. ಅದು ಪೂರ್ತಿ ಹಿಗ್ಗಿದ ಮೇಲೆ ಸಂದಿ ಮತ್ತೆ ಕಿರಿದಾಗಿ ಒಂದು ನೆಲೆಗೆ ಬರುತ್ತದೆ.

ಈ ಹಿಗ್ಗುವಿಕೆ ಎಷ್ಟು ಅಂತೀರಾ? ನಿಕಲ್ ಮಿಶ್ರಲೋಹದ ಡಿಸ್ಕ್, ನಡುವಿನಿಂದ ಅಂಚಿಗೆ 35 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅದು 400 ಡಿಗ್ರಿ ಹೆಚ್ಚು ಬಿಸಿಯಾದರೆ ಹೊರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಕಾಪಾಡಬೇಕಾದ ಸಂದಿಗಿಂತ ನಾಲ್ಕು ಪಟ್ಟು ಜಾಸ್ತಿ. ಅಂದರೆ ಡಿಸ್ಕ್, ಬ್ಲೇಡ್, ಕವಚ ಮೂರೂ ಒಂದಕ್ಕೊಂದು ಹೊಂದಿಕೊಂಡು ಹಿಗ್ಗಬೇಕು. ಒಂದು ಮುಂದೆ ಓಡಿ ಇನ್ನೊಂದು ಹಿಂದೆ ಉಳಿದರೆ ಕಥೆ ಮುಗಿಯಿತು.

ಐಡಲ್‌ನಲ್ಲಿ ಕೆಲವು ನಿಮಿಷ ಓಡಿಸುವುದು ಇದಕ್ಕೇ. ಕವಚಕ್ಕೂ ಡಿಸ್ಕಿಗೂ ಅಲ್ಲಿಯೇ ಒಂದಷ್ಟು ಬಿಸಿ ಸಿಕ್ಕಿರುತ್ತದೆ. ಟೇಕಾಫ್ ಹೊತ್ತಿಗೆ ಏರಬೇಕಾದ ಮೆಟ್ಟಿಲು ಕಮ್ಮಿಯಾಗುತ್ತದೆ. ತಣ್ಣನೆಯ ಎಂಜಿನ್ನನ್ನು ನೇರವಾಗಿ ಪೂರ್ತಿ ಬಲಕ್ಕೆ ತಂದರೆ ಮೊದಲು ತಿಕ್ಕುವ ಭಯ, ಆಮೇಲೆ ಕವಚ ಹಿಗ್ಗಿ ಡಿಸ್ಕ್ ಹಿಂದುಳಿದಾಗ ಸಂದಿ ಬಾಯಿ ಬಿಡುವ ತೊಂದರೆ. ಬಾಯಿ ಬಿಟ್ಟ ಸಂದಿಯಲ್ಲಿ ಬಿಸಿ ಅನಿಲ ಕೆಲಸ ಮಾಡದೆ ಸೋರಿಹೋಗುತ್ತದೆ. ಅಷ್ಟೇ ಬಲ ಕೊಡಲು ಫೆಡೆಕ್ ಹೆಚ್ಚು ಇಂಧನ ಸುರಿಯುತ್ತದೆ, ಇಜಿಟಿ ಮೇಲೇರುತ್ತದೆ. ಟೇಕಾಫ್‌ನಲ್ಲಿ ಇಜಿಟಿ ಶಿಖರ ಮುಟ್ಟಿ ಆಮೇಲೆ ಸ್ವಲ್ಪ ಇಳಿಯುವುದರ ಹಿಂದೆ ಇರುವುದೂ ಇದೇ.

ಬ್ಲೇಡಿನ ತುದಿ ತಾಗಿದರೆ ಎಂಜಿನ್ ಒಡೆದುಹೋಗುವುದಿಲ್ಲ. ಬ್ಲೇಡ್ ತಾಗಬಹುದೆಂದು ತಿಳಿದೇ ಕವಚದ ಒಳಮೈಗೆ ಸವೆಯುವಂಥ ಒಂದು ಪದರ ಕೊಟ್ಟಿರುತ್ತಾರೆ. ಬ್ಲೇಡು ಅದನ್ನು ಕೆರೆದು ತನ್ನ ದಾರಿ ಮಾಡಿಕೊಳ್ಳುತ್ತದೆ. ಕೆಲವೊಮ್ಮೆ ತುದಿಯೂ ಸವೆಯುತ್ತದೆ. ತೊಂದರೆ ಏನೆಂದರೆ ಸವೆದ ಸಂದಿ ಮತ್ತೆ ಕೂಡುವುದಿಲ್ಲ. ಕಾಲು ಮಿಲಿಮೀಟರ್ ಹೆಚ್ಚಾದರೆ ಇಂಧನದ ಖರ್ಚು ಶೇಕಡ 1ರ ಹತ್ತಿರ ಏರುತ್ತದೆ, ಇಜಿಟಿ 10 ಡಿಗ್ರಿಯಷ್ಟು ಮೇಲೆ ಹೋಗುತ್ತದೆ. ಇಜಿಟಿ ತನ್ನ ಮಿತಿಗೆ ತೀರಾ ಹತ್ತಿರವಾದಾಗ ಎಂಜಿನ್ನನ್ನು ರೆಕ್ಕೆಯಿಂದ ಇಳಿಸಿ ರಿಪೇರಿಗೆ ಕಳಿಸಬೇಕು. ಹಾಗಾಗಿ ಎಂಜಿನ್ ಕಾಯಿಸುವ ನಿಯಮ ಬಹುಪಾಲು ಎಂಜಿನ್ನಿನ ಆಯುಸ್ಸಿನ ಪ್ರಶ್ನೆ, ದುಡ್ಡಿನ ಪ್ರಶ್ನೆ. ಇದನ್ನು ಬರೀ ಸುರಕ್ಷತೆಯ ನಿಯಮ ಎಂದು ಹೇಳಿ ಬಿಡುವುದು ಅಷ್ಟು ಸರಿಯಲ್ಲ.

ಈ ಸಂದಿಯ ಬಗ್ಗೆ ಎಂಜಿನಿಯರ್‌ಗಳಿಗೆ ಎಷ್ಟು ಮೋಹ ಎಂದರೆ, ಆಕಾಶದಲ್ಲಿ ಸಮವಾಗಿ ಹಾರುವಾಗಲೂ ಅದನ್ನು ಬಿಡುವುದಿಲ್ಲ. ಕವಚದ ಹೊರಗೆ ಸುತ್ತಲೂ ತೂತುಗಳಿರುವ ಕೊಳವೆಗಳನ್ನು ಕೂರಿಸಿ, ಅದರ ಮೇಲೆ ತಣ್ಣನೆಯ ಗಾಳಿ ಊದಿ, ಕವಚವನ್ನು ಬೇಕೆಂದೇ ಕುಗ್ಗಿಸುತ್ತಾರೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರು ಹಾಕಿ ಬಿಗಿ ಮಾಡುತ್ತಾರಲ್ಲ, ಅದೇ ಉಪಾಯ. ಗಾಳಿಯ ವಾಲ್ವನ್ನು ಎಷ್ಟು ತೆರೆಯಬೇಕೆಂದು ಫೆಡೆಕ್ ನಿರ್ಧರಿಸುತ್ತದೆ.

ಎಷ್ಟು ನಿಮಿಷ ಕಾಯಿಸಬೇಕು ಎಂಬುದನ್ನು ಎಂಜಿನ್ ತಯಾರಕರು ಹೇಳಿರುತ್ತಾರೆ. ಸಿಎಫ್‌ಎಂ56 ಇರುವ 737ರಲ್ಲಿ ಕನಿಷ್ಠ 2 ನಿಮಿಷ ಎಂಬುದು ಹಳೆಯ ರೂಢಿ. ಎ320ಯಲ್ಲೇ ಐಎಇ ವಿ2500 ಎಂಜಿನ್ ಇದ್ದರೆ, ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ನಿಂತಿದ್ದ ಎಂಜಿನ್ನಿಗೆ 5 ನಿಮಿಷ. ನೋಡಿ, ಲೆಕ್ಕ ತಿರುಗುಮುರುಗಾಯಿತು. ಬಾಗಿದ ಶಾಫ್ಟಿನ ವಿಷಯದಲ್ಲಿ ಒಂದೆರಡು ಗಂಟೆ ಹಿಂದೆ ಇಳಿದು ನಿಂತ ಎಂಜಿನ್‌ ಗುಮಾನಿಯದ್ದು, ರಾತ್ರಿಯೆಲ್ಲ ನಿಂತದ್ದು ಒಳ್ಳೆಯದು. ಕಾಯಿಸುವ ವಿಷಯಕ್ಕೆ ಬಂದರೆ ರಾತ್ರಿಯೆಲ್ಲ ನಿಂತದ್ದಕ್ಕೇ ಜಾಸ್ತಿ ಹೊತ್ತು. ಬೆಳಗಿನ ಮೊದಲ ವಿಮಾನ ಬೇಗ ಸ್ಟಾರ್ಟ್ ಆಗಿ ನಿಧಾನಕ್ಕೆ ಕಾಯಬೇಕು, ಮಧ್ಯಾಹ್ನದ ವಿಮಾನ ನಿಧಾನಕ್ಕೆ ಸ್ಟಾರ್ಟ್ ಆಗಿ ಬೇಗ ಕಾಯುತ್ತದೆ.

ಆಯಿಲ್ ವಿಷಯ ಪಕ್ಕದ್ದು ಅಂದೆನಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಜೆಟ್ ಎಂಜಿನ್ನಿನ ಆಯಿಲ್ ಸಿಂಥೆಟಿಕ್, ಮೈನಸ್ 40 ಡಿಗ್ರಿಯಲ್ಲೂ ಹರಿಯುವಂಥದ್ದು. ಒಳಗೆ ತಿರುಗುವುದೆಲ್ಲ ಬಾಲ್ ಮತ್ತು ರೋಲರ್ ಬೇರಿಂಗ್ ಮೇಲೆ, ಅವಕ್ಕೆ ಬೇಕಾದ ಆಯಿಲ್ ಕಡಿಮೆ. ಹಾಗಿದ್ದೂ ಟೇಕಾಫ್‌ಗೆ ಮುಂಚೆ ಆಯಿಲ್ ಇಷ್ಟಾದರೂ ಬಿಸಿ ಇರಬೇಕು ಎಂಬ ಮಿತಿ ಇರುತ್ತದೆ, ಅದು ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಒಂದೇ ಎ320, ಸಿಎಫ್‌ಎಂ56 ಇದ್ದರೆ ಮೈನಸ್ 10 ಡಿಗ್ರಿ ಸಾಕು, ವಿ2500 ಇದ್ದರೆ 50 ಡಿಗ್ರಿ ಬೇಕು. ಆಯಿಲಿನ ಬಿಸಿಗೆ ಇನ್ನೊಂದು ಉಪಯೋಗವೂ ಇದೆ. ರೆಕ್ಕೆಯಿಂದ ಬರುವ ಇಂಧನ ಆಯಿಲಿನ ಪಕ್ಕದಲ್ಲೇ ಹಾಯ್ದು ಹೋಗುತ್ತದೆ. ಆಯಿಲ್ ತಣಿಯುತ್ತದೆ, ಇಂಧನ ಬಿಸಿಯಾಗಿ ಅದರಲ್ಲಿರುವ ನೀರಿನಂಶ ಮಂಜುಗಡ್ಡೆ ಆಗದೆ ಉಳಿಯುತ್ತದೆ.

ರನ್‌ವೇ ಮೇಲೆ ನಿಂತಾಗಲೂ ಪೈಲಟ್ ಒಂದೇ ಸಲ ಥ್ರಾಟಲ್ ತಳ್ಳುವುದಿಲ್ಲ. ಮೊದಲು ಎನ್1 ಶೇಕಡ 40 ಅಥವಾ 50ರ ಹತ್ತಿರ ತಂದು, ಎರಡೂ ಎಂಜಿನ್ ಸಮ ಆಗುವವರೆಗೆ ತುಸು ತಡೆದು, ಆಮೇಲೆ ಪೂರ್ತಿ. ಇದಕ್ಕೆ ಬಿಸಿಗಿಂತ ಬೇರೆ ಕಾರಣವಿದೆ. ಐಡಲ್‌ನಿಂದ ಮೇಲೇರಲು ಎಂಜಿನ್‌ಗಳು ಹಲವು ಸೆಕೆಂಡು ತೆಗೆದುಕೊಳ್ಳುತ್ತವೆ. ಒಂದು ಬೇಗ ಏರಿ ಇನ್ನೊಂದು ಹಿಂದುಳಿದರೆ ವಿಮಾನ ಪಕ್ಕಕ್ಕೆ ಎಳೆಯುತ್ತದೆ.

ಇಳಿದ ಮೇಲೂ ಬಿಡುವಿಲ್ಲ

ಗೇಟಿಗೆ ಬಂದು ನಿಂತರೂ ಎಂಜಿನ್ ಕೂಡಲೇ ಆರಿಸದೇ ಇರುವುದನ್ನು ಗಮನಿಸಿದ್ದೀರಾ? ಹೆಚ್ಚಿನ ಎಂಜಿನ್‌ಗಳಿಗೆ ನಿಲ್ಲಿಸುವ ಮುನ್ನ ಸುಮಾರು 3 ನಿಮಿಷ ಐಡಲ್‌ನಲ್ಲಿ ತಣಿಸಬೇಕೆಂಬ ನಿಯಮವಿದೆ. ರನ್‌ವೇಯಿಂದ ಗೇಟಿಗೆ ಬರುವ ಹೊತ್ತೂ ಅದರಲ್ಲಿ ಸೇರುತ್ತದೆ. ಹಾಗಾಗಿ ಬಹುತೇಕ ಸಲ ಕಾಯುವ ಪ್ರಸಂಗವೇ ಬರುವುದಿಲ್ಲ. ರನ್‌ವೇ ಪಕ್ಕದಲ್ಲೇ ಗೇಟ್ ಸಿಕ್ಕಿತು, ಓಟ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್ ಕೂಡ ಜೋರಾಗಿ ಬಳಸಿದ್ದಾರೆ ಅಂದರೆ ಮಾತ್ರ ನಿಂತು ಗಡಿಯಾರ ನೋಡಬೇಕು.

ಇಲ್ಲಿ ಆಗುವುದು ಹಿಂದಿನದರ ತದ್ವಿರುದ್ಧ. ತೆಳು ಕವಚ ಬೇಗ ತಣಿದು ಕುಗ್ಗುತ್ತದೆ. ದಪ್ಪ ಡಿಸ್ಕ್ ಇನ್ನೂ ಬಿಸಿಯಾಗಿ ಹಿಗ್ಗಿಕೊಂಡೇ ಇರುತ್ತದೆ. ಸಂದಿ ಹೊರಗಿನಿಂದ ಮುಚ್ಚಿಕೊಳ್ಳುತ್ತಾ ಬರುತ್ತದೆ. ಜೊತೆಗೆ ಎಂಜಿನ್ ನಿಂತಾಗ ಆಯಿಲ್ ಹರಿಯುವುದೂ ನಿಲ್ಲುತ್ತದೆ. ಟರ್ಬೈನ್‌ನ ಬಿಸಿ ನಿಧಾನಕ್ಕೆ ಬೇರಿಂಗ್ ಕಡೆ ಹರಿದು, ಅಲ್ಲಿ ನಿಂತ ಆಯಿಲನ್ನು ಸುಟ್ಟು ಕರಿ ಕಟ್ಟಿಸುತ್ತದೆ. ಆ ಕರಿ ಒಂದು ದಿನ ಸಣ್ಣ ಕೊಳವೆಯನ್ನು ಮುಚ್ಚಬಹುದು. ಚೆನ್ನಾಗಿ ತಣಿಸಿ ನಿಲ್ಲಿಸಿದ ಎಂಜಿನ್‌ನಲ್ಲಿ ಶಾಫ್ಟ್ ಬಾಗುವುದೂ ಕಡಿಮೆ. ಅಂದರೆ ಈಗ ಉಳಿಸಿದ ಒಂದು ನಿಮಿಷವನ್ನು ಮುಂದಿನ ಸ್ಟಾರ್ಟ್ ಹೊತ್ತಿನಲ್ಲಿ ಬಡ್ಡಿ ಸಮೇತ ಕೊಡಬೇಕಾಗಬಹುದು.

ಇಂಧನ ಉಳಿಸಲು ಕಂಪನಿಗಳು ಒಂದೇ ಎಂಜಿನ್‌ನಲ್ಲಿ ಟ್ಯಾಕ್ಸಿ ಮಾಡುವುದು, ಅಂದರೆ ನೆಲದ ಮೇಲೆ ಓಡಾಡುವುದು, ಈಗ ಮಾಮೂಲು. ಗಂಟೆಗೆ 300 ಕಿಲೋ ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ ಒಂದು ಎಂಜಿನ್ 50 ಕಿಲೋ ಉರಿಸುತ್ತದೆ. ಇಳಿದ ಮೇಲೆ ಇದು ಸಲೀಸು. ಮೂರು ನಿಮಿಷ ಆಯಿತಾ, ಒಂದನ್ನು ಆರಿಸು. ಹೊರಡುವಾಗ ಅಷ್ಟು ಸುಲಭ ಅಲ್ಲ. ಎರಡನೇ ಎಂಜಿನ್ ಸ್ಟಾರ್ಟ್ ಆಗುವ ಹೊತ್ತು, ಅದು ಕಾಯುವ ಹೊತ್ತು, ಚೆಕ್‌ಲಿಸ್ಟ್ ಓದುವ ಹೊತ್ತು ಎಲ್ಲ ಕೂಡಿಸಿ, ನಮ್ಮ ಸರದಿ ಯಾವಾಗ ಎಂದು ಅಂದಾಜು ಮಾಡಿ, ಹಿಂದಕ್ಕೆ ಲೆಕ್ಕ ಹಾಕಬೇಕು. ಅಂದಾಜು ತಪ್ಪಿ ಬೇಗ ಸರದಿ ಬಂದರೆ ರನ್‌ವೇ ಬಾಯಲ್ಲಿ ನಿಂತು 'ಇನ್ನೊಂದು ನಿಮಿಷ ಬೇಕು' ಎಂದು ಹೇಳಬೇಕಾಗುತ್ತದೆ. ಹಿಂದೆ ಸಾಲುಗಟ್ಟಿದವರಿಗೆ ಅದು ರುಚಿಸುವುದಿಲ್ಲ. ಗೇಟಿನಿಂದ ರನ್‌ವೇಗೆ ಏಳೆಂಟು ನಿಮಿಷದ ದಾರಿಯಾದರೆ, ಐದು ನಿಮಿಷ ಕಾಯಬೇಕಾದ ಎಂಜಿನ್‌ನಲ್ಲಿ ಈ ಉಳಿತಾಯಕ್ಕೆ ಕೈಹಾಕದೇ ಇರುವುದೇ ಮೇಲು.

ಹಾರಾಟದ ನಡುವೆ ಎಂಜಿನ್ ಆರಿಹೋದರೆ ಈ ನಿಮಿಷಗಳ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ಮುಂದಿನಿಂದ ನುಗ್ಗುವ ಗಾಳಿಯೇ ಶಾಫ್ಟನ್ನು ತಿರುಗಿಸುತ್ತಿರುತ್ತದೆ, ವೇಗ ಸಾಕಷ್ಟಿದ್ದರೆ ಸ್ಟಾರ್ಟರ್ ಕೂಡ ಬೇಡ. ಹೊತ್ತಿಕೊಂಡ ಮೇಲೆ ಪುರುಸೊತ್ತಿದ್ದರೆ ಸ್ವಲ್ಪ ಕಾಯಿಸುತ್ತಾರೆ. ಬಲ ತುರ್ತಾಗಿ ಬೇಕಿದ್ದರೆ ತೆಗೆದುಕೊಳ್ಳುತ್ತಾರೆ, ಸವೆದದ್ದನ್ನು ಆಮೇಲೆ ನೋಡಿಕೊಂಡರಾಯಿತು.

ಈಗ ಕೆಲವು ಕಡೆ ಇನ್ನೊಂದು ಪ್ರಯೋಗ ನಡೆದಿದೆ. ಟ್ಯಾಕ್ಸಿಬಾಟ್ ಎಂಬ ಎಳೆಯುವ ಗಾಡಿ ವಿಮಾನವನ್ನು ಗೇಟಿನಿಂದ ರನ್‌ವೇ ಹತ್ತಿರದವರೆಗೂ ಕೊಂಡೊಯ್ಯುತ್ತದೆ. ಗಾಡಿಯ ಚುಕ್ಕಾಣಿ ಕಾಕ್‌ಪಿಟ್‌ನಲ್ಲಿರುವ ಪೈಲಟ್ ಕೈಯಲ್ಲೇ ಇರುತ್ತದೆ. ದಾರಿಯುದ್ದಕ್ಕೂ ವಿಮಾನದ ಎಂಜಿನ್ ಬಂದ್. ಕೇಳಲು ಬಹಳ ಚೆನ್ನಾಗಿದೆ. ಆದರೆ ಎಂಜಿನ್ ಸ್ಟಾರ್ಟ್ ಮಾಡಲು, ಶಾಫ್ಟ್ ನೆಟ್ಟಗಾಗಲು, ಲೋಹ ಕಾಯಲು ಬೇಕಾದ ನಿಮಿಷಗಳು ಎಲ್ಲಿಗೂ ಹೋಗುವುದಿಲ್ಲ. ಅವು ಗೇಟಿನ ಹಿಂದಿನಿಂದ ರನ್‌ವೇ ಹತ್ತಿರಕ್ಕೆ ಜಾಗ ಬದಲಿಸುತ್ತವೆ, ಅಷ್ಟೆ. ಗಾಡಿ ಕಳಚಿಕೊಂಡು ಪಕ್ಕಕ್ಕೆ ಹೋಗಲು ಅಲ್ಲಿ ದಾರಿ ಬೇಕು, ಎಂಜಿನ್ ಕಾಯುತ್ತಿರುವ ವಿಮಾನ ಬೇರೆಯವರಿಗೆ ಅಡ್ಡವಾಗದಂತೆ ನಿಲ್ಲಲು ಜಾಗ ಬೇಕು. ಹಳೆಯ ವಿಮಾನ ನಿಲ್ದಾಣಗಳಲ್ಲಿ ರನ್‌ವೇ ತುದಿಯಲ್ಲಿ ಅಂಥ ಜಾಗ ಬಿಟ್ಟಿರುವುದು ಕಡಿಮೆ.